ಟಿಕೆಟ್ ಇಲ್ಲದವರ ಚಿತ್ರ

ಜಾರ್ಜ್ ಸ್ಯೂರಾ ಎಂಬ ಫ್ರೆಂಚ್ ಕಲಾವಿದ 1887-88ರಲ್ಲಿ ಸರ್ಕಸ್ಸಿನ ಚಿತ್ರವೊಂದನ್ನು ಬರೆದ. ಅದರಲ್ಲಿ ಸರ್ಕಸ್ಸೇ ಇಲ್ಲ! ಪ್ಯಾರಿಸ್ಸಿನ ಜಾತ್ರೆಯೊಂದರಲ್ಲಿ, ಟೆಂಟಿನ ಹೊರಗೆ ಗಿರಾಕಿಗಳನ್ನು ಸೆಳೆಯೋಕೆ ವಾದ್ಯ ನುಡಿಸ್ತಿದ್ದಾರೆ. ಮೇಲೆ ಸಾಲಾಗಿ ಗ್ಯಾಸ್ ದೀಪ, ನಡುವೆ ಟ್ರಾಂಬೋನ್ ಊದುವವನು, ಬಲಗಡೆ ಟಿಕೆಟ್ ಕೌಂಟರ್. ಕೆಳಗೆ ನಮಗೆ ಬೆನ್ನು ಹಾಕಿ ನಿಂತ ಜನ. ಬರೀ ತಲೆಗಳು, ಟೊಪ್ಪಿಗೆಗಳು. ಪುಕ್ಕಟೆ ನೋಡುವವರು.

ಇಡೀ ಚಿತ್ರ ಚುಕ್ಕಿಗಳಲ್ಲಿದೆ. ಬಣ್ಣಗಳನ್ನು ಕಲಸದೆ ಪಕ್ಕಪಕ್ಕ ಇಡೋದು, ದೂರ ನಿಂತು ನೋಡಿದರೆ ನಮ್ಮ ಕಣ್ಣೇ ಅವನ್ನು ಬೆರೆಸಿಕೊಳ್ಳುತ್ತೆ. ನಿಯೋ-ಇಂಪ್ರೆಷನಿಸ್ಟರ ಪದ್ಧತಿ ಇದು.

ಪ್ರತಿ ವರ್ಷ ಕೊಪ್ಪಳದ ಗವಿಮಠದ ತೇರು ಎಳೆದ ಸಂಜೆ ನನ್ನ ಮೊಬೈಲಿಗೂ ಇಂಥದ್ದೇ ಚುಕ್ಕಿಗಳು ಬರುತ್ತವೆ, ಡ್ರೋನ್ ವಿಡಿಯೋದಲ್ಲಿ. ಲಕ್ಷಾಂತರ ಜನ, ಒಬ್ಬರಿಗೂ ಮುಖವಿಲ್ಲ. ಬೆಂಗಳೂರಿನ ಮೆಟ್ರೋದಲ್ಲಿ ನಿಂತು ‘ವಾವ್’ ಅಂತೀವಿ, ಮುಂದಿನ ಸ್ಟೇಟಸ್‌ಗೆ ಹೋಗ್ತೀವಿ. ಸ್ಯೂರಾ ಮಾತ್ರ ಆಕಾಶಕ್ಕೆ ಹಾರಲಿಲ್ಲ. ಟಿಕೆಟ್ ಇಲ್ಲದವರ ಹಿಂದೆ, ಅವರ ಸಾಲಲ್ಲೇ ನಿಂತ.

ಆ ಸಾಲು ನನಗೆ ಗೊತ್ತು. ಅಪ್ಪ ಗಂಜಿನಲ್ಲಿ ಹಮಾಲಿ. ಜಾತ್ರೆಗೆ ನಾಟಕ ಕಂಪನಿ ಬಂದರೆ ಐದು ಜನರ ಟಿಕೆಟ್ಟಿಗೆ ಅವನ ಕೂಲಿ ಸಾಲ್ತಿರಲಿಲ್ಲ. ತಗಡಿನ ಥಿಯೇಟರಿನ ಹೊರಗೆ ನಿಂತು ಕೇಳ್ತಿದ್ವಿ. ಒಳಗಿನವರು ನಕ್ಕರೆ ನಾವೂ ನಗ್ತಿದ್ವಿ, ಯಾಕಂತ ಗೊತ್ತಿಲ್ಲದೆ. “ಪದ ಕೇಳಾಕ ಟಿಕೀಟ್ ಯಾಕ ಬೇಕೋ ತಮ್ಮಾ?” ಅಂತಿದ್ದ ಅಪ್ಪ. ಒಂದು ಸೀನೂ ನೋಡದೆ ಅಷ್ಟೂ ಪದ ಬಾಯಿಪಾಠ. ಗಲ್ಲಾಪೆಟ್ಟಿಗೆಯ ಲೆಕ್ಕದಲ್ಲಿ ಅವನು ಪ್ರೇಕ್ಷಕನೇ ಅಲ್ಲ.

ನನಗೆ ಕೆಲಸ ಸಿಕ್ಕ ವರ್ಷ ಜಾತ್ರೆಗೆ ಹೋದವನು ಮುಂದಿನ ಸಾಲಿನ ಟಿಕೆಟ್ಟೇ ತೆಗೆಸಿದೆ. ಅಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು, ಕೈ ಮಡಚಿ, ಬಿಗಿಯಾಗಿ ಕೂತ. ಸ್ವಲ್ಪ ಹೊತ್ತಿಗೆ ನನ್ನ ಕಡೆ ಬಾಗಿ, “ಭಾಳ ಹತ್ರ ಆತಲ್ಲೋ, ಮಾರಿಗೆ ಬಳಕೊಂಡಿದ್ ಬಣ್ಣಾನ ಕಾಣಾಕತ್ತೈತಿ” ಅಂದ. ರಾಜನ ಪಾತ್ರದವನ ಗದ್ದದ ಕೆಳಗೆ ಬೆವರಿನಲ್ಲಿ ಇಳೀತಿದ್ದ ಗುಲಾಬಿ ಬಣ್ಣ ನನಗೂ ಕಂಡಿತು.

ಇಂಟರ್ವಲ್‌ಗೆ ಎದ್ದು ಹೋದವನು ತಿರುಗಿ ಬರಲಿಲ್ಲ. ನಾಟಕ ಮತ್ತೆ ಶುರುವಾಗಿತ್ತು. ಹುಡುಕಿಕೊಂಡು ಹೋದೆ. ತಗಡಿನ ಆಚೆ, ಹತ್ತಿಪ್ಪತ್ತು ಜನರ ನಡುವೆ, ಹಾರ್ಮೋನಿಯಂಗೆ ತಲೆ ಆಡಿಸ್ತಾ ನಿಂತಿದ್ದ. ನನ್ನನ್ನ ನೋಡಿ ಸ್ವಲ್ಪ ಸರಿದು ಜಾಗ ಕೊಟ್ಟ.