ಬಿಳಿ ಹೊಗೆ, ಕಂದು ಹೊಗೆ

1
ಹೈಡ್ರೋಕ್ಲೋರಿಕ್ ಆಸಿಡ್ ಬಾಟಲಿಯ ಮುಚ್ಚಳ ಬಿಗಿಯಾಗಿಯೇ ಇದೆ. ಅದೇ ಕಪಾಟಿನಲ್ಲಿಟ್ಟ ಕತ್ತರಿ, ಸ್ಕ್ರೂ, ಬಾಗಿಲಿನ ಕೀಲು ಎಲ್ಲಕ್ಕೂ ತುಕ್ಕು. ಹೊಗೆ ಕಂಡವರು ಯಾರೂ ಇಲ್ಲ.

2
ಮುಚ್ಚಳ ತೆಗೆದರೆ ಬಿಳಿ ಹೊಗೆ. ಅನಿಲಕ್ಕೆ ಬಣ್ಣವಿಲ್ಲ, ಕಾಣುವುದು ಗಾಳಿಯ ತೇವ ಸೇರಿ ಆದ ಹನಿಗಳು. ಮಳೆಗಾಲದಲ್ಲಿ ಹೆಚ್ಚು ಕಾಣುತ್ತದೆ.

3
ಒಂದು ಲೀಟರ್ ನೀರು ಈ ಅನಿಲವನ್ನು 400 ಲೀಟರಿಗೂ ಮೀರಿ ಕುಡಿಯುತ್ತದೆ. ಆ ದಾಹವೇ ತೊಂದರೆ. ಫ್ಲಾಸ್ಕಿನಿಂದ ಅನಿಲ ತರುವ ಕೊಳವೆಯ ತುದಿಯನ್ನು ನೀರಿನಲ್ಲಿ ಮುಳುಗಿಸಿದರೆ, ಅನಿಲ ಕರಗಿ ಒಳಗೆ ಒತ್ತಡ ಇಳಿಯುತ್ತದೆ. ನೀರು ಕೊಳವೆಯಲ್ಲಿ ಹಿಂದಕ್ಕೆ ಏರಿ, ಬಿಸಿ ಆಸಿಡ್ ಇರುವ ಫ್ಲಾಸ್ಕಿಗೇ ಸುರಿಯುತ್ತದೆ.

ತಡೆಯುವುದು ಕವುಚಿ ಹಾಕಿದ ಒಂದು ಆಲಿಕೆ. ಅಂಚು ಮಾತ್ರ ನೀರಿಗೆ ತಾಗಿರಬೇಕು. ನೀರು ಆಲಿಕೆಯೊಳಗೆ ಏರುತ್ತದೆ, ಹೊರಗಿನ ಮಟ್ಟ ತಗ್ಗುತ್ತದೆ, ಅಂಚು ನೀರು ಬಿಡುತ್ತದೆ, ಗಾಳಿ ನುಗ್ಗುತ್ತದೆ, ಏರಿದ್ದು ಬೀಳುತ್ತದೆ. ಮತ್ತೆ ಏರುತ್ತದೆ. ಯಾರೂ ಕೈ ಹಾಕಬೇಕಿಲ್ಲ. ನೋಡುತ್ತಾ ಕೂತರೆ ಹೊತ್ತು ಹೋದದ್ದು ತಿಳಿಯುವುದಿಲ್ಲ.

4
1836, ಇಂಗ್ಲೆಂಡಿನ ವುಸ್ಟರ್‌ಶೈರ್. ವಾಷಿಂಗ್ ಸೋಡಾ ತಯಾರಿಸುತ್ತಿದ್ದ ವಿಲಿಯಂ ಗಾಸೇಜ್ ಪಾಳುಬಿದ್ದ ಗಾಳಿಗಿರಣಿಯೊಂದಕ್ಕೆ ಮುಳ್ಳುಪೊದೆ, ಪುರಳೆ ತುಂಬಿಸಿದ. ಮೇಲಿನಿಂದ ನೀರು, ಕೆಳಗಿನಿಂದ ಆ ತಯಾರಿಕೆಯಲ್ಲಿ ಏಳುವ ಹೈಡ್ರೋಕ್ಲೋರಿಕ್ ಹೊಗೆ.

ಇಂದಿನ ಪುಟ್ಟ ಪ್ರಯೋಗಶಾಲೆಗಳಲ್ಲಿ ಪುರಳೆಯ ಜಾಗಕ್ಕೆ ಗಾಜಿನ ಮಣಿ ಬಂದಿದೆ.

5
1863ರ ಆಲ್ಕಲಿ ಕಾಯ್ದೆ ಅಲ್ಲಿನ ಸೋಡಾ ಕಾರ್ಖಾನೆಗಳಿಗೆ ಹೇಳಿದ್ದು: ಹೈಡ್ರೋಕ್ಲೋರಿಕ್ ಹೊಗೆಯಲ್ಲಿ ಶೇ 95ನ್ನು ಹಿಡಿಯಬೇಕು. ಹಿಡಿದ ಆಮ್ಲ ಎಷ್ಟೋ ಕಡೆ ಹಳ್ಳ ಸೇರಿತು.

6
ಒಂದು ಸೆಂಟಿಮೀಟರ್ ಅಗಲದ ಗುಳ್ಳೆಯನ್ನು ಒಂದು ಮಿಲಿಮೀಟರಿನವಾಗಿ ಒಡೆದರೆ ಸಾವಿರ ಗುಳ್ಳೆ. ಅನಿಲ ಅಷ್ಟೇ. ನೀರಿಗೆ ತಾಗುವ ಮೈ ಹತ್ತು ಪಟ್ಟು.

7
ಬೆಂಗಳೂರಿನ ನಗರ್ತಪೇಟೆ. ಬಂಗಾರದ ಕೆಲಸದ ಬೀದಿ. ಹಳೆಯ ಒಡವೆಯ ಚಿನ್ನವನ್ನು ಶುದ್ಧ ಮಾಡಬೇಕಾದರೆ ಮೊದಲು ಅದಕ್ಕೆ ಬೆಳ್ಳಿ ಬೆರೆಸಬೇಕು, ಚಿನ್ನ ಕಾಲು ಭಾಗಕ್ಕೆ ಇಳಿಯುವ ತನಕ. ಆಮೇಲೆ ನೈಟ್ರಿಕ್ ಆಸಿಡ್. ಬೆಳ್ಳಿ, ತಾಮ್ರ ಕರಗುತ್ತವೆ. ಕಂದು ಹೊಗೆ ಏಳುತ್ತದೆ.

ತಳದಲ್ಲಿ ಉಳಿಯುವ ಚಿನ್ನವೂ ಕಂದು ಪುಡಿ. ಕರಗಿಸಿದ ಮೇಲಷ್ಟೇ ಹಳದಿ.

8
ಕಿಟಕಿಯಲ್ಲಿ ಎಕ್ಸಾಸ್ಟ್ ಫ್ಯಾನ್. ಗಲ್ಲಿಯಾಚೆ ಎದುರು ಮನೆಯ ಕಿಟಕಿ.

9
ಕಂದು ಹೊಗೆ, ಅಂದರೆ ನೈಟ್ರೋಜನ್ ಡೈಆಕ್ಸೈಡ್, ಬಿಳಿ ಹೊಗೆಯಷ್ಟು ಸುಲಭವಾಗಿ ನೀರಿಗೆ ಒಗ್ಗುವುದಿಲ್ಲ. ಮೂರು ಪಾಲು ನೀರಿಗಿಳಿದರೆ ಎರಡು ನೈಟ್ರಿಕ್ ಆಮ್ಲವಾಗಿ ಉಳಿಯುತ್ತವೆ, ಒಂದು ನೈಟ್ರಿಕ್ ಆಕ್ಸೈಡ್ ಆಗಿ ಹೊರಬರುತ್ತದೆ. ಅದಕ್ಕೆ ಬಣ್ಣವಿಲ್ಲ. ನೀರಿನ ಮೇಲೆ ತಿಳಿಯಾಗಿ ಎದ್ದದ್ದು ಗಾಳಿ ತಾಗಿದೊಡನೆ ಮತ್ತೆ ಕಂದು.

ಅದಕ್ಕೇ ಹೊಗೆ ಹಾಯಿಸಲು ನೀರಿನ ಒಂದು ಬಾಟಲಿ ಸಾಲದು. ಗಾಳಿ ಸೇರಿಸಿ ಎರಡನೆಯದಕ್ಕೆ, ಆಮೇಲೆ ಮೂರನೆಯದಕ್ಕೆ. ನೀರಿಗೆ ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಿದರೆ ತಪ್ಪಿಸಿಕೊಂಡ ಪಾಲೂ ಆಮ್ಲವಾಗಿ ಸಿಗುತ್ತದೆ.

10
ಹೈಡ್ರೋಕ್ಲೋರಿಕ್ ಹೊಗೆ ಮೂಗು, ಗಂಟಲನ್ನು ತಕ್ಷಣ ಸುಡುತ್ತದೆ, ಮನುಷ್ಯ ಓಡುತ್ತಾನೆ. ಕಂದು ಹೊಗೆ ಕುಡಿದವನು ಕೊಂಚ ಕೆಮ್ಮಿ, ಸುಧಾರಿಸಿಕೊಂಡು, ಊಟ ಮಾಡಿ ಮಲಗಬಹುದು. ಶ್ವಾಸಕೋಶದಲ್ಲಿ ನೀರು ತುಂಬುವುದು ಅಂದು ರಾತ್ರಿ, ಇಲ್ಲವೇ ಮಾರನೆಯ ದಿನ. ಕೆಮ್ಮು ನಿಂತಿತೆಂದು ಯಾರನ್ನೂ ಮನೆಗೆ ಕಳಿಸಬಾರದು, ಆಸ್ಪತ್ರೆಗೆ ಕರೆದೊಯ್ಯಬೇಕು.

11
ಈ ಎರಡು ಆಸಿಡ್ ಬೆರೆಸಿದ, ಚಿನ್ನವನ್ನೂ ಕರಗಿಸುವ ರಾಜಾಮ್ಲದಿಂದ ಕ್ಲೋರಿನ್ ಏಳುತ್ತದೆ. ಕಾಸ್ಟಿಕ್ ಸೋಡಾ ನೀರು ಅದನ್ನು ಹೀರಿಕೊಂಡು ಬ್ಲೀಚ್ ಆಗುತ್ತದೆ. ಸಂಜೆ ಪಾತ್ರೆ ತೊಳೆಯುವಾಗ ಉಳಿದ ಆಸಿಡನ್ನೂ ಆ ನೀರನ್ನೂ ಒಂದೇ ಬಕೆಟ್ಟಿಗೆ ಸುರಿದರೆ, ಬೆಳಗಿನಿಂದ ಹಿಡಿದಿಟ್ಟ ಕ್ಲೋರಿನ್ ಕೋಣೆಗೆ ವಾಪಸು. ಎರಡು ಬಕೆಟ್ ಬೇಕು, ಎರಡಕ್ಕೂ ಹೆಸರು ಬರೆದಿರಬೇಕು.