ಐಬು

2019ರ ಬೇಸಿಗೆ. ಆಪಾ ತನ್ನ ನಾಲ್ಕು ಬಳೆಗಳನ್ನು ಮಾರಿ ಬಂದ ಹಣವನ್ನು ಕರವಸ್ತ್ರದಲ್ಲಿ ಕಟ್ಟಿ ನನ್ನ ಕೈಗಿಟ್ಟಳು. "ಮುಂಗಡಕ್ಕ ಇಷ್ಟ ಐತಿ. ನೀ ಓದಿದಾಂವ, ನೋಡಿ ಕೊಡಸು" ಎಂದಳು. ಭಾವ ತೀರಿಕೊಂಡು ಆಗ ಮೂರು ವರ್ಷ. ಅವಳ ಮಗನಿಗೆ ಇಪ್ಪತ್ತೆರಡು ತುಂಬಿತ್ತು. ಹಾವೇರಿ ಜಿಲ್ಲೆಯ ನಮ್ಮ ಕಡೆ ಗೋವಿನಜೋಳದ ಸುಗ್ಗಿಯಲ್ಲಿ ರಾಶಿ ತುಂಬಲು, ಬೇಸಿಗೆಯಲ್ಲಿ ತಿಪ್ಪೆಗೊಬ್ಬರ ಹೇರಲು ಆಳು ಸಿಗುವುದಿಲ್ಲ. ಮುಂದೆ ಲೋಡರ್ ಕೂಡಿಸಿದ ಟ್ರ್ಯಾಕ್ಟರ್ ಒಂದಿದ್ದರೆ ಬಾಡಿಗೆಗೆ ಬರವಿಲ್ಲವೆಂದು ಹುಡುಗ ಲೆಕ್ಕ ಹಾಕಿದ್ದ. ಅವನ ಲೆಕ್ಕ ತಪ್ಪೇನೂ ಇರಲಿಲ್ಲ.

ಮಾರುವವರು ಭಾವನ ಹಳೆಯ ಪರಿಚಯದವರು, ಮಸೀದಿಯಲ್ಲಿ ಮೊದಲ ಸಾಲಿನಲ್ಲಿ ನಿಲ್ಲುವ ಹಿರಿಯರು. ನಲವತ್ತೈದು ಅಶ್ವಶಕ್ತಿಯ ಗಾಡಿ. ಲೋಡರ್ ಕಂಪನಿಯದಲ್ಲ, ಆಮೇಲೆ ಯಾವುದೋ ವರ್ಕ್‌ಶಾಪಿನಲ್ಲಿ ಕೂಡಿಸಿದ್ದು. "ಬರೇ ಗೊಬ್ಬರ ಹೇರೇನಿ, ಬ್ಯಾರೆ ಕೆಲಸಕ್ಕ ಹಚ್ಚಿಲ್ಲ" ಎಂದಿದ್ದರು. ಅಂಥವರ ಗಾಡಿ ನೋಡಲು ಮೇಸ್ತ್ರಿಯನ್ನು ಕರೆದೊಯ್ಯುವುದೆಂದರೆ ಅವರ ಮಾತನ್ನೇ ಒರೆಗೆ ಹಚ್ಚಿದಂತೆ ಎಂದು ನನಗೆ ಮುಜುಗರ. ಆಪಾ ಮಾತ್ರ ಕೇಳಲಿಲ್ಲ. ಮೂವತ್ತು ವರ್ಷದಿಂದ ಟ್ರ್ಯಾಕ್ಟರ್ ಬಿಚ್ಚಿ ಕಟ್ಟುತ್ತಿದ್ದ ಮೇಸ್ತ್ರಿಗೆ ತಾನೇ ಹೇಳಿ ಕಳಿಸಿದ್ದಳು.

ಹೊಸ ಬಣ್ಣ ಬಿಸಿಲಿಗೆ ಹೊಳೆಯುತ್ತಿತ್ತು. ಅಳಿಯ ಆಗಲೇ ಸೀಟಿನ ಮೇಲೆ ಹತ್ತಿ ಕೂತಿದ್ದ. ಮೇಸ್ತ್ರಿ ಬಣ್ಣದ ಕಡೆ ನೋಡಲೇ ಇಲ್ಲ. ಮೊದಲು ಎಂಜಿನ್ನಿನ ಮೇಲೆ ಅಂಗೈ ಇಟ್ಟ. ಬಿಸಿಯಾಗಿತ್ತು. ನಾವು ಬರುವ ಮೊದಲೇ ಯಾರೋ ಶುರು ಮಾಡಿಟ್ಟಿದ್ದರು. "ತಣ್ಣಗಿದ್ದಾಗ ಎಬ್ಬಿಸಿದರನ ಅದರ ಗುಣ ಗೊತ್ತಾಗೋದು" ಎಂದು ನನಗಷ್ಟೇ ಕೇಳುವಂತೆ ಹೇಳಿ, ಆರುವ ತನಕ ಕಾಯೋಣವೆಂದ. ಒಂದೂವರೆ ತಾಸು ಬೇವಿನ ಗಿಡದ ಕೆಳಗೆ ಕೂತೆವು. ಹಿರಿಯರು ಚಹಾ ತರಿಸಿದರು. ಆ ಚಹಾ ನನ್ನ ಗಂಟಲಲ್ಲಿ ಸರಾಗ ಇಳಿಯಲಿಲ್ಲ.

ಆರಿದ ಮೇಲೆ ಎಂಜಿನ್ ಕಷ್ಟಪಟ್ಟೇ ಎದ್ದಿತು. ನೀಲಿ ಹೊಗೆ ಬಂತು. ಎಂಜಿನ್ನಿನ ಆಯಿಲ್ ಸುಡುತ್ತಿದೆ ಎಂದು ಅದರ ಅರ್ಥ. "ಇದು ದೊಡ್ಡ ಮಾತಲ್ಲ, ಎಂಜಿನ್ ಕಟ್ಟಬಹುದು" ಎಂದ ಮೇಸ್ತ್ರಿ, ಬಕೆಟ್ ತುಂಬ ಮಣ್ಣು ತುಂಬಿಸಿ ಸೊಂಟದೆತ್ತರಕ್ಕೆ ಎತ್ತಿಸಿ, ಗಾಡಿ ಬಂದ್ ಮಾಡಿಸಿದ. ನೋಡುತ್ತಿದ್ದಂತೆ ಬಕೆಟ್ ತಾನಾಗಿ ಇಳಿಯತೊಡಗಿತು. ಸಿಲಿಂಡರಿನ ಸೀಲು ಇಲ್ಲವೇ ವಾಲ್ವು ಸೋರುತ್ತಿತ್ತು. "ಇದೂ ರಿಪೇರಿ ಆಗತೈತಿ" ಎಂದ. ಮುಂದಿನ ಗಾಲಿಗಳನ್ನು ಜಾಕ್ ಮೇಲೆ ಎತ್ತಿಸಿ ಕೈಯಿಂದ ಅಲುಗಿಸಿದ. ಅಚ್ಚಿನ ನಡುಪಿನ್ನು, ಬುಷ್ಷು ಸವೆದು ಕಟಕಟ ಎನ್ನುತ್ತಿದ್ದವು.

ಆಮೇಲೆ ನನ್ನನ್ನು ಗಾಡಿಯ ಕೆಳಗೆ ಬಗ್ಗಿಸಿದ. "ಸಾಹೇಬ್ರ, ಗಾಡಿ ನೋಡಬ್ಯಾಡ್ರಿ. ಭಾರ ಎಲ್ಲಿ ಬಿದ್ದೈತಿ, ಅದನ್ನ ನೋಡ್ರಿ."

ನಲವತ್ತು ದಾಟಿದ ನನಗೆ ಆ ದಿನವೇ ಗೊತ್ತಾದದ್ದು: ಲಾರಿಗಿರುವಂತೆ ಇಂಥ ಟ್ರ್ಯಾಕ್ಟರಿಗೆ ಬೇರೆ ಚಾಸಿ ಇರುವುದಿಲ್ಲ. ಎಂಜಿನ್, ಕ್ಲಚ್ ಹೌಸಿಂಗ್, ಗೇರ್ ಬಾಕ್ಸ್ ಒಂದಕ್ಕೊಂದು ಬೋಲ್ಟಿನಿಂದ ಕೂಡಿ ಅವೇ ಬೆನ್ನೆಲುಬಾಗಿರುತ್ತವೆ. ಮುಂದಿನ ಅಚ್ಚಿನ ಆಚೆ ಐದುನೂರು ಕಿಲೋ ಎತ್ತಿದರೆ ಆ ಅಚ್ಚಿನ ಮೇಲೆ ಏರುವ ಭಾರ ಐದುನೂರಕ್ಕಿಂತ ಹೆಚ್ಚು. ತಕ್ಕಡಿಯಂತೆ ಹಿಂದಿನ ಭಾರವೂ ಮುಂದಕ್ಕೆ ಸರಿಯುತ್ತದೆ. ಹಿಂದಿನ ಗಾಲಿಗಳು ಹಗುರಾಗುತ್ತವೆ. ನಮ್ಮ ಕಡೆಯ ಸಾಮಾನ್ಯ ಟ್ರ್ಯಾಕ್ಟರುಗಳಿಗೆ ಬ್ರೇಕು ಇರುವುದು ಹಿಂದಿನ ಗಾಲಿಗಳಿಗೇ. ಇಳಿಜಾರಿನಲ್ಲಿ ಬಕೆಟ್ ಮೇಲೆತ್ತಿ ಹೊರಟವನ ಗತಿ ಏನಾದೀತೆಂದು ಬಿಡಿಸಿ ಹೇಳಬೇಕಿಲ್ಲ. ಅದಕ್ಕೇ ಹಿಂದೆ ಸರಿದೂಗುವ ಭಾರ ಕಟ್ಟಬೇಕು. ಲೋಡರಿನ ಚೌಕಟ್ಟನ್ನು ಹಿಂದಿನ ಅಚ್ಚಿನ ತನಕ ಒಯ್ದು ಬಿಗಿದರೆ ಹೊರೆ ಹಂಚಿಹೋಗುತ್ತದೆ. ಇಲ್ಲಿ ಅದು ಕ್ಲಚ್ ಹೌಸಿಂಗಿನ ಹತ್ತಿರ ಎರಡು ಪಟ್ಟಿಗಳಿಗೆ ನಿಂತುಬಿಟ್ಟಿತ್ತು. ಅಲ್ಲಿ ಎರಡು ಬೋಲ್ಟು ಮಾತ್ರ ಹೊಸವು. ಕೂಡುವ ಜಾಗದಲ್ಲಿ ಎಣ್ಣೆ ಜಿನುಗುತ್ತಿತ್ತು. ಮೇಸ್ತ್ರಿ ಉಗುರಿನಿಂದ ಬಣ್ಣ ಕೆರೆದ. ಕೆಳಗೆ ಗೇಣುದ್ದ ವೆಲ್ಡಿಂಗ್. ಬೀಡು ಸೀಳಿತ್ತು, ಬೆಸೆದು ಬಣ್ಣ ಬಳಿದಿದ್ದರು.

ಕೊನೆಗೆ ಅವನು ಬಕೆಟ್ಟಿನ ಪಿನ್ನಿನ ಸಂದಿಗೆ ಬೆರಳು ತೂರಿಸಿ ಗಟ್ಟಿಯಾಗಿದ್ದ ಮಣ್ಣು ಕಿತ್ತು ನನ್ನ ಅಂಗೈಗೆ ಹಾಕಿದ. ನಡುವೆ ಕೆಂಪು ಇಟ್ಟಿಗೆಯ ಪುಡಿ. "ಗೊಬ್ಬರ ಅಲ್ರಿ. ಇಟ್ಟಂಗಿ ಭಟ್ಟಿಯೊಳಗ ದುಡಿದೈತಿ."

ಹಿರಿಯರ ಮುಖ ಸಣ್ಣದಾಯಿತು. ಸಿಟ್ಟಿಗೇಳಲಿಲ್ಲ. "ತಮ್ಮಾ, ನಾ ಇದನ್ನ ಕೊಂಡಾಗ ನನಗ ಯಾರು ಹೇಳಿದ್ರು? ನನಗಿಂತ ಮೊದಲಿನಾಂವ ಭಟ್ಟಿಗೆ ಹಚ್ಚಿದ್ದ, ಸೀಳಿದ ಮ್ಯಾಲೆ ಗೊತ್ತಾತು" ಎಂದರು. ಆರ್‌ಸಿ ನೋಡಿದರೆ ಅದರಲ್ಲಿ ಲೋಡರಿನ ಸುದ್ದಿಯೇ ಇಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ನೋಂದಣಿಯಾದ ವಾಹನವನ್ನು ಮನಬಂದಂತೆ ಮಾರ್ಪಡಿಸುವುದನ್ನು ತಡೆಯುತ್ತದೆ. ಬ್ಯಾಂಕಿನ ಸಾಲ ತೀರಿದೆಯೆಂದರೂ ಅದಕ್ಕೆ ಬೇಕಾದ 35ನೇ ನಮೂನೆ ಕೈಯಲ್ಲಿರಲಿಲ್ಲ. ಸಲಾಮ್ ಹೇಳಿ ಎದ್ದು ಬಂದೆವು.

ಉರ್ದು ಶಾಲೆಯಲ್ಲಿ 'ಐಬ್' ಎಂದು ಕಲಿತದ್ದೇ ನಮ್ಮ ಕನ್ನಡದ 'ಐಬು'. ಮುಚ್ಚಿಟ್ಟ ಐಬು ಹೊರಬಿದ್ದರೆ ಕೊಂಡವನು ವಸ್ತುವನ್ನು ಹಿಂತಿರುಗಿಸಬಹುದೆಂದು ಫಿಕ್ಹ್ ಹೇಳುತ್ತದೆ. ಎಲ್ಲರೂ ಕೇಳಿದ ಘಟನೆಯೊಂದಿದೆ: ಪ್ರವಾದಿವರ್ಯರು(ಸ) ಸಂತೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿದರು, ಬೆರಳಿಗೆ ಪಸೆ ತಾಗಿತು. ಮಳೆಯಿಂದ ನೆನೆದದ್ದೆಂದ ವ್ಯಾಪಾರಿ. ಹಾಗಾದರೆ ಜನರಿಗೆ ಕಾಣುವಂತೆ ಅದನ್ನು ಮೇಲೆ ಏಕೆ ಇಡಲಿಲ್ಲ ಎಂದು ಕೇಳಿದರು. ಚಿಕ್ಕಂದಿನಿಂದ ಕೇಳಿದ್ದರೂ ಒಂದು ಸಂಗತಿ ನನಗೆ ಹೊಳೆದಿರಲಿಲ್ಲ. ಮಳೆ ಸುರಿಸಿದ್ದು ವ್ಯಾಪಾರಿಯಲ್ಲ. ಆ ಕುರಿತು ಅವನನ್ನು ಯಾರೂ ದೂರಲಿಲ್ಲ. ಒದ್ದೆ ಕಾಳನ್ನು ಎಲ್ಲಿಟ್ಟೆ ಎಂಬುದಷ್ಟೇ ಅವನ ಮೇಲಿನ ಪ್ರಶ್ನೆ. ಗಾಡಿ ಸೀಳಿದ್ದು ಆ ಹಿರಿಯರಿಂದಲ್ಲ. ಆದರೆ ಬಣ್ಣ ಅವರದು.

ದಾರಿಯಲ್ಲಿ ಮೇಸ್ತ್ರಿ ಕೇಳಿದ್ದ, "ಮಂದಿಗೆ ಹೇಳ್ತೀರೇನ್ರಿ?" "ನಮಗ್ಯಾಕ ಬಿಡು. ಅವರ ವ್ಯಾಪಾರ ಕೆಡಿಸೋದು ಬ್ಯಾಡ" ಎಂದಿದ್ದೆ. ಅದು ನನಗೆ ಮರ್ಯಾದೆಯ ಮಾತಾಗಿ ತೋರಿತ್ತು. ಅಳಿಯ ಲೋಡರಿಲ್ಲದ ಗಾಡಿಯೊಂದನ್ನು ಕೊಂಡ. ಟ್ರೇಲರ್ ಕಟ್ಟಿ ದುಡಿಯತೊಡಗಿದ. ಆಪಾ ನೆಮ್ಮದಿಯಾಗಿದ್ದಳು.

ಸುಗ್ಗಿಯಲ್ಲಿ ಒಂದು ದಿನ ಕಣದ ಹತ್ತಿರ ಅದೇ ಗಾಡಿ ಕಂಡೆ. ಪಕ್ಕದೂರಿನ ಹುಡುಗ, ನಮ್ಮ ಅಳಿಯನ ವಯಸ್ಸಿನವನು, ಬಕೆಟ್ ತುಂಬ ಗೋವಿನಜೋಳ ಎತ್ತಿ ಏರಿಯಿಂದ ಇಳಿಸುತ್ತಿದ್ದ. ಹಿಂದೆ ಭಾರವೇನೂ ಇರಲಿಲ್ಲ. ಹಿಂದಿನ ಗಾಲಿ ನೆಲ ಬಿಟ್ಟು ಮತ್ತೆ ಕೂತಿತು. ನನ್ನ ಎದೆ ಧಸಕ್ಕೆಂದಿತು. ಕೂಗಿ ನಿಲ್ಲಿಸಿದೆ. ಕೆಳಗೆ ಬಗ್ಗಿಸಿ ವೆಲ್ಡಿಂಗ್ ತೋರಿಸಿದೆ. ಹಿಂದೆ ಭಾರ ಕಟ್ಟಬೇಕೆಂದೆ, ಮೇಸ್ತ್ರಿಯ ಹೆಸರು ಹೇಳಿದೆ. ಹುಡುಗ ಎಲ್ಲವನ್ನೂ ಸುಮ್ಮನೆ ಕೇಳಿ, ಕೈ ಒರೆಸಿಕೊಳ್ಳುತ್ತ ಒಂದೇ ಮಾತು ಕೇಳಿದ:

"ಸರ್, ಇದು ನಿಮಗ ಯಾವಾಗ ಗೊತ್ತಾತ್ರಿ?"

ಬೇಸಿಗೆಯಲ್ಲಿ ಎಂದೆ. ಅವನು ಮತ್ತೇನೂ ಕೇಳಲಿಲ್ಲ. ಒದ್ದೆ ಕಾಳನ್ನು ರಾಶಿಯ ಅಡಿಗೆ ಹಾಕಿದವರು ಆ ಹಿರಿಯರೊಬ್ಬರೇ ಆಗಿರಲಿಲ್ಲ.