ಹನ್ನೊಂದರಲ್ಲಿ ಜಾಗ ಯಾರಿಗೆ?

ಆಟವೆಂದ ಮೇಲೆ ಸೋಲು ಗೆಲುವು ಇದ್ದದ್ದೇ. ಆದರೆ ಮೇಲಿಂದ ಮೇಲೆ ವಿಫಲನಾಗುವ ಆಟಗಾರನನ್ನು ತಂಡದಲ್ಲಿ ಇಟ್ಟುಕೊಳ್ಳಬೇಕೆ, ಬಿಡಬೇಕೆ ಎಂಬ ಪ್ರಶ್ನೆ ಬಂದರೆ ಮಾತು ಬಿಸಿಯೇರುತ್ತದೆ. ಉಮರ್ಗಾ, ನಿಲಂಗಾ, ಉದಗೀರ ಕಡೆಯ ನಮ್ಮ ಹುಡುಗರು ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಆಡುವವರು. ಕ್ರಿಕೆಟ್ಟಿನ ತೀರ್ಪನ್ನು ಮಾತ್ರ ಎರಡೂ ಭಾಷೆಗಳಲ್ಲಿ ಒಂದೇ ತೆರನಾಗಿ ಕೊಡುತ್ತಾರೆ: “ತ್ಯಾಲಾ ಕಾಢಾ”, “ಅವನ್ನ ತೆಗೀರಿ”!

2023ರ ಫೆಬ್ರವರಿಯಲ್ಲಿ ಈ ಮಾತು ಕನ್ನಡಿಗ ಕೆ.ಎಲ್. ರಾಹುಲರ ಮೇಲೆ ಬಂತು. ಹಿಂದಿನ ಹತ್ತು ಟೆಸ್ಟ್ ಇನ್ನಿಂಗ್ಸ್‌ಗಳಲ್ಲಿ ಅವರು 23 ಓಟಗಳನ್ನು ದಾಟಿರಲಿಲ್ಲ. ಕರ್ನಾಟಕದವರೇ ಆದ ವೆಂಕಟೇಶ ಪ್ರಸಾದ್ ಬಹಿರಂಗವಾಗಿ ಟೀಕಿಸಿದರು. ಕರ್ನಾಟಕದವರೇ ಆದ ತರಬೇತುದಾರ ರಾಹುಲ್ ದ್ರಾವಿಡ್ ಬೆಂಬಲಕ್ಕೆ ನಿಂತರು. ಇಬ್ಬರಲ್ಲಿಯೂ ನ್ಯಾಯವಿತ್ತು. ಇದೇ ರಾಹುಲ್ 2014ರ ಡಿಸೆಂಬರಿನಲ್ಲಿ ಮೆಲ್ಬರ್ನಿನ ತಮ್ಮ ಮೊದಲ ಟೆಸ್ಟಿನಲ್ಲಿ 3 ಮತ್ತು 1 ಓಟ ಗಳಿಸಿದ್ದರು. ಆಗ ಜಾಗ ಉಳಿಯಿತು. ಮುಂದಿನ ಸಿಡ್ನಿ ಟೆಸ್ಟಿನಲ್ಲಿ 110 ಹೊಡೆದರು. ಭದ್ರಾವತಿಯ ಜಿ.ಆರ್. ವಿಶ್ವನಾಥರೂ 1969ರಲ್ಲಿ ಕಾನ್ಪುರದ ಮೊದಲ ಟೆಸ್ಟಿನಲ್ಲಿ ಸೊನ್ನೆಗೆ ಔಟಾಗಿ, ಎರಡನೆಯ ಸರದಿಯಲ್ಲಿ 137 ಗಳಿಸಿದವರು. ಆದರೆ ಒಂದೆರಡು ಸೋಲು ಬೇರೆ, ಹತ್ತು ಬೇರೆ. ಹೊರಗೆ ಕಾಯುತ್ತ ಕುಳಿತವನಿಗೂ ಹಸಿವೆಯುಂಟು.

ಕೊನೆಗೆ ಇಂದೋರಿನ ಟೆಸ್ಟಿನಲ್ಲಿ ರಾಹುಲರ ಬದಲು ಶುಭಮನ್ ಗಿಲ್ ಆಡಿದರು. ಗಳಿಸಿದ್ದು 21 ಮತ್ತು 5. ಅಷ್ಟಕ್ಕೇ ಅವರನ್ನೂ ತೆಗೆದಿದ್ದರೆ? ತೆಗೆಯಲಿಲ್ಲ, ಅಹಮದಾಬಾದಿನಲ್ಲಿ 128 ಹೊಡೆದರು. ಹಳಬನಿಗೆ ನಾವು ಬೇಡುವ ತಾಳ್ಮೆ ಹೊಸಬನಿಗೂ ಸಲ್ಲಬೇಕು. ಇತ್ತ ರಾಹುಲ್ ಅದೇ ವರ್ಷದ ಡಿಸೆಂಬರಿನಲ್ಲಿ ಸೆಂಚುರಿಯನ್‌ನಲ್ಲಿ ವಿಕೆಟ್ ಕೀಪರರಾಗಿ, ಆರನೆಯ ಕ್ರಮಾಂಕದಲ್ಲಿ ಆಡಲಿಳಿದು 101 ಗಳಿಸಿದರು. ಕಳೆದುಕೊಂಡ ಜಾಗವೇ ಸಿಗಬೇಕೆಂದು ಹಟ ಹಿಡಿಯಲಿಲ್ಲ.

ಕಳೆದ ವರ್ಷ ನಮ್ಮ ಶಾಲೆಯ ತಂಡದಲ್ಲೂ ಈ ಪ್ರಶ್ನೆ ಎದ್ದಿತ್ತು. ಮೊದಲು ಆಡಲಿಳಿಯುವ ಹತ್ತನೆಯ ತರಗತಿಯ ಹುಡುಗ ಮೂರು ಪಂದ್ಯಗಳಲ್ಲಿ ಎರಡಂಕಿ ಕಾಣಲಿಲ್ಲ. ಆಟದ ಗುರುಗಳು ನಮ್ಮನ್ನೂ ಕೇಳಿದರು. ಹುಡುಗ ದಿನವೂ ಎಲ್ಲರಿಗಿಂತ ಮೊದಲೇ ಮೈದಾನಕ್ಕೆ ಬರುತ್ತಿದ್ದುದನ್ನು ನಾವು ಕಂಡಿದ್ದೆವು. ಅವನನ್ನು ಕರೆದು, “ಇನ್ನೂ ಎರಡು ಪಂದ್ಯ ನಿನ್ನವು. ಅಲ್ಲಿಯವರೆಗೆ ಯಾರೂ ನಿನ್ನನ್ನು ಅಲುಗಿಸುವುದಿಲ್ಲ. ಆಮೇಲೂ ಆಗದಿದ್ದರೆ ತಮ್ಮನಿಗೆ ಜಾಗ ಬಿಡಬೇಕು” ಎಂದೆವು. ಹುಡುಗ ತಲೆಯಾಡಿಸಿದ. ಆ ಎರಡರಲ್ಲೂ ಬ್ಯಾಟು ಕೈಕೊಟ್ಟಿತು. ಜಾಗ ಒಂಬತ್ತನೆಯ ತರಗತಿಯವನಿಗೆ ಹೋಯಿತು. ಅಂದು ಪ್ಯಾಡು ಬಿಚ್ಚಿಕೊಟ್ಟವನು ತಾನೇ ಬಾಗಿ ಕಿರಿಯನ ಕಾಲಿಗೆ ಅದನ್ನು ಕಟ್ಟಿದ. ಆ ವರ್ಷ ಅವನಿಗೆ ಮತ್ತೆ ಅವಕಾಶ ಬರಲಿಲ್ಲ. ಆದರೂ ಒಂದು ಸಂಜೆಯೂ ಮೈದಾನ ತಪ್ಪಿಸಲಿಲ್ಲ.

ವಿದ್ಯಾರ್ಥಿ ಮಿತ್ರರೇ, ಜಾಗವೆಂಬುದು ನಿನ್ನೆಯ ಸಾಧನೆಗೆ ಬಂದ ಇನಾಮಲ್ಲ. ಅದನ್ನು ಬಿಡಿಸುವುದು ಶಿಕ್ಷೆಯೂ ಅಲ್ಲ. ದುಡಿಯುವವನಿಗೆ ಸಾಕಷ್ಟು ಅವಕಾಶ ಕೊಡಬೇಕು, ಎಷ್ಟೆಂಬುದನ್ನು ಮೊದಲೇ ಹೇಳಬೇಕು. ತೆಗೆಯುವಾಗ ಕಾರಣವನ್ನು ಮುಖಕ್ಕೆ ಮುಖ ಕೊಟ್ಟು ತಿಳಿಸಬೇಕು. ಬೆನ್ನ ಹಿಂದೆ ನಗುವುದು ಮಾತ್ರ ಯಾವ ಭಾಷೆಯಲ್ಲೂ ಸಲ್ಲದು. ಜಾಗ ಬಿಟ್ಟವನಿಗೂ ನಾಳೆ ಮೈದಾನ ತೆರೆದೇ ಇರಬೇಕು.